ಸೀಮೆಎಣ್ಣೆ ಲಾಳಿಕೆಯಲ್ಲಿ ಸೋಸಿದ ಇಟಲಿ ವೈನು

ಇದರಲ್ಲಿ ಒಬ್ಬನ ಕೆಲಸ ಹೋಗುತ್ತದೆ. ಹೋಗಿದ್ದು ನನ್ನ ಬಾಯಿಂದ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದರ ಅರ್ಧ ಭಾಗವನ್ನು ನಾನು ಎಷ್ಟೋ ಮದುವೆಮನೆಗಳಲ್ಲಿ ತಮಾಷೆಯಾಗಿ ಹೇಳಿದ್ದೇನೆ, ಕೇಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ಇನ್ನರ್ಧ ಯಾರಿಗೂ ಹೇಳಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ನಾಲ್ವರು ಗೆಳೆಯರು. ಒಬ್ಬ ಕಾರ್ಖಾನೆಯಲ್ಲಿ ಎಂಜಿನಿಯರ್, ಮೆಷಿನ್ ತರಬೇತಿಗೆ ಅಂತ ಆರು ತಿಂಗಳು ಇಟಲಿಗೆ ಹೋಗಿ ಬಂದಿದ್ದ. ಇನ್ನೊಬ್ಬ ಬ್ಯಾಂಕಿನಲ್ಲಿ ಗುಮಾಸ್ತ, ಬಾಯಿ ಬಿಟ್ಟರೆ ಕೀಟಲೆ. ಮೂರನೆಯವನು ಯಶವಂತಪುರದ ಒಂದು ಕಾಫಿ ರಫ್ತು ಕಂಪನಿಯಲ್ಲಿ ರುಚಿ ನೋಡುವವನು. ಹೌದು, ಅದೇ ಅವನ ಕೆಲಸ. ದಿನಕ್ಕೆ ನಲವತ್ತು ಬಟ್ಟಲು ಕಾಫಿ ಮೂಸಿ, ಚಮಚದಲ್ಲಿ ಸೊರ್ರೆಂದು ಎಳೆದು, ಉಗಿದು, ಇದು ಒಳ್ಳೆಯ ಕಾಳು, ಇದು ಬೂಷ್ಟು ಹಿಡಿದದ್ದು ಅಂತ ಹೇಳಬೇಕು. ನಾಲ್ಕನೆಯವನು ನಾನು, ಅದೇ ಕಂಪನಿಯ ಆಫೀಸಿನಲ್ಲಿ ಟೈಪಿಸ್ಟ್. ಅವನೇ ಸಾಹೇಬರಿಗೆ ಹೇಳಿ ನನಗೆ ಆ ಕೆಲಸ ಕೊಡಿಸಿದ್ದು.

ಇಟಲಿಯಿಂದ ಬಂದವನು ಮೂರು ಬಾಟಲಿ ವೈನು ತಂದಿದ್ದ. ಹೆಂಡತಿ ತವರಿಗೆ ಹೋಗುವುದನ್ನೇ ಎರಡು ತಿಂಗಳು ಕಾದು, ಒಂದು ಭಾನುವಾರ ಮಧ್ಯಾಹ್ನ ಸಂಜಯನಗರದ ತನ್ನ ಬಾಡಿಗೆ ಮನೆಗೆ ನಮ್ಮನ್ನು ಕರೆದ. ಕೆಳಗಿನ ಮನೆಯಲ್ಲಿ ಓನರ್ ಇದ್ದರು, ಮಡಿವಂತರು. ಹಾಗಾಗಿ ಕಿಟಕಿ ಮುಚ್ಚಿ, ಪರದೆ ಎಳೆದು, ಸೆಕೆಯಲ್ಲಿ ಬನಿಯನ್ನಿನಲ್ಲಿ ಕೂತೆವು. ಸ್ಟೀಲ್ ಲೋಟ, ಕಾಂಗ್ರೆಸ್ ಕಡಲೆಕಾಯಿ, ಖಾರಾಸೇವೆ.

"ಮೂರೂ ಒಂದೇ ದ್ರಾಕ್ಷಿ ಕಣ್ರೋ. ಸಾಂಜೊವೇಸೆ ಅಂತ," ಅಂದ ಮನೆಯವನು, ಬಾಟಲಿಗಳನ್ನು ಸಾಲಾಗಿ ಇಡುತ್ತಾ.

"ಒಂದೇ ದ್ರಾಕ್ಷಿ ಆದ್ರೆ ಮೂರ್ ಯಾಕೋ ಹೊತ್ಕೊಂಡ್ ಬಂದೆ? ನಮ್ಮ ದೇವನಹಳ್ಳಿ ಕಡೆ ಬೆಳೆಯಲ್ವಾ ದ್ರಾಕ್ಷಿ?" ಅಂದ ಬ್ಯಾಂಕಿನವನು.

"ಊರು ಬೇರೆ ಬೇರೆ ಮಗಾ, ಮಣ್ಣು ಬೇರೆ. ಅಲ್ಲಿನ ಫೋರ್‌ಮನ್ ಹೇಳ್ಕೊಟ್ಟ. ಈ ಹುಲ್ಲು ಸುತ್ತಿರೋದು ಕಿಯಾಂತಿ. ಇದು ಇನ್ನೊಂದು ಊರಿಂದು. ಕೊನೇದು ಮೊಂತಾಲ್ಚೀನೋದು, ಭಾರಿ ದುಬಾರಿ, ಅದು ಕೊನೇಗೆ."

ಮೊದಲನೆಯದು ಬಿಚ್ಚಿದೆವು. ಕೆಂಪಗೆ, ತೆಳ್ಳಗೆ. ಎಲಚಿಹಣ್ಣಿನ ಹುಳಿ ನನ್ನ ನಾಲಿಗೆಗೆ ಬಂತು, ಹಾಗೇ ಹೇಳಿದೆ. ಬ್ಯಾಂಕಿನವನು ಮುಖ ಹಿಂಡಿ "ಇದಕ್ಕಾ ಇಟಲಿ? ಹುಣಸೆ ನೀರು" ಅಂದ. ಎಲ್ಲರೂ ಕಾಫಿಯವನ ಕಡೆ ತಿರುಗಿದೆವು. ಅವನು ಲೋಟ ಅಲ್ಲಾಡಿಸಿದ, ಮೂಸಿದ, ಸೊರ್ರೆಂದು ಎಳೆದ. "ಹುಳಿ ಇದೆ, ಆದ್ರೆ ಹಣ್ಣಿನ ಹುಳಿ. ಎಲಚಿ ತರ," ಅಂದ. ಎರಡನೆಯದಕ್ಕೂ ಹಾಗೇ. ಅದರಲ್ಲಿ ಒಗರು ಜಾಸ್ತಿ ಇತ್ತು, ನೇರಳೆಹಣ್ಣು ತಿಂದ ಮೇಲೆ ನಾಲಿಗೆ ಹಿಡಿದುಕೊಳ್ಳುವ ಹಾಗೆ. ನಾನು ಅದನ್ನು ಹೇಳಿದೆ. ಆಮೇಲೆ ಅವನೂ ನೇರಳೆ ಅಂದ. ಎರಡು ಸಲವೂ ನಾವೆಲ್ಲ ಹೇಳಿದ ಮೇಲೆ ಅವನು ಹೇಳಿದ್ದು. ಬಲ್ಲವನು ಕೊನೆಗೆ ಮಾತಾಡುತ್ತಾನೆ ಅಂದುಕೊಂಡೆ.

ಮೂರನೆಯ ಬಾಟಲಿಯ ಬಿರಡೆ ಪುಡಿಪುಡಿಯಾಗಿ ಒಳಗೇ ಬಿತ್ತು. ಮನೆಯವನು ಬೈದುಕೊಳ್ಳುತ್ತಾ ಸೋಸಲು ಅಡುಗೆಮನೆಗೆ ಹೋದ. ಆಗ ಬ್ಯಾಂಕಿನವನಿಗೆ ಕೀಟಲೆ ಹೊಳೆಯಿತು.

"ಇವನ ಕಣ್ಣು ಕಟ್ಟೋಣ ಗುರು. ಮೂರೂ ಕೊಡೋಣ. ಯಾವ್ದು ಯಾವ್ದು ಅಂತ ಹೇಳ್ಲಿ. ಸಂಬಳ ತಗೊಳಲ್ವಾ ಇದಕ್ಕೇ?"

"ಬೇಡ್ರೋ. ಸುಮ್ನಿರಿ," ಅಂದ ಕಾಫಿಯವನು.

"ಅಯ್ಯೋ, ಭಯ ನೋಡು ಸಾಹೇಬ್ರಿಗೆ!"

"ಭಯ ಏನಿಲ್ಲ. ಭಾನುವಾರನೂ ಅದೇ ಕೆಲ್ಸ ಮಾಡ್ಸ್ತೀರಲ್ರೋ."

ಟವೆಲ್ ತಂದು ಕಟ್ಟಿದವನು ನಾನು. ಬಿಗಿಯಾಗಿಯೇ ಕಟ್ಟಿದೆ. ಅವನು ನನ್ನ ಮಣಿಕಟ್ಟು ಹಿಡಿದು "ಬೇಡ ಕಣೋ" ಅಂತ ಇನ್ನೊಂದು ಸಲ ಮೆಲ್ಲಗೆ ಅಂದ. ನಾನು ನಕ್ಕೆ.

ಮನೆಯವನು ಮೂರನೆಯ ಲೋಟ ತಂದು ಇಟ್ಟ ಕೂಡಲೇ ವಾಸನೆ ಹೊಡೆಯಿತು. ಸೀಮೆಎಣ್ಣೆ. ಪುಣ್ಯಾತ್ಮ ಸ್ಟೌವಿಗೆ ಎಣ್ಣೆ ಸುರಿಯುವ ತಗಡಿನ ಲಾಳಿಕೆಗೆ ಬಟ್ಟೆ ಹಾಕಿ, ಆ ಭಾರಿ ದುಬಾರಿ ವೈನನ್ನು ಅದರಲ್ಲೇ ಸೋಸಿದ್ದ. ಹೆಂಡತಿ ಇಲ್ಲದ ಅಡುಗೆಮನೆಯಲ್ಲಿ ಅವನಿಗೆ ಕಂಡದ್ದು ಅದೊಂದೇ ಲಾಳಿಕೆ. ಬ್ಯಾಂಕಿನವನು ತುಟಿಯ ಮೇಲೆ ಬೆರಳಿಟ್ಟ. ನಾವು ಮೂವರೂ ಬಾಯಿ ಮುಚ್ಚಿಕೊಂಡು ಕುಲುಕುತ್ತಿದ್ದೆವು. ಕಾಫಿಯವನು ಮೂಗಿನ ಹತ್ತಿರ ತಂದ ತಕ್ಷಣ ಲೋಟ ಎಸೆದು ಬೈಯುತ್ತಾನೆ, ಅದನ್ನು ನೋಡಬೇಕು, ಅಷ್ಟೇ ನಮ್ಮ ಆಸೆ.

ಮೊದಲ ಎರಡು ಲೋಟ ರುಚಿ ನೋಡಿ ಅವನು ಕೆಳಗಿಟ್ಟ. ಮೂರನೆಯದನ್ನು ಎತ್ತಿದ. ನಿಧಾನವಾಗಿ, ಉದ್ದಕ್ಕೆ ಮೂಸಿದ. ಒಂದು ಗುಟುಕು ಎಳೆದ. ಬಾಯಲ್ಲಿ ತಿರುಗಿಸಿದ. ನುಂಗಿದ.

"ಇದೇ," ಅಂದ. "ಇದೇ ಆ ದುಬಾರಿದು. ಏನ್ ನುಣುಪಾಗಿದೆ ಗುರು! ಉಳಿದೆರಡೂ ಇದರ ಮುಂದೆ ನಿಲ್ಲಲ್ಲ."

ನಾವು ಸಿಡಿದು ನಕ್ಕೆವು. ಬ್ಯಾಂಕಿನವನು ನೆಲಕ್ಕೆ ಬಿದ್ದ. "ಲೋ, ಸೀಮೆಎಣ್ಣೆ ಕಣೋ ಅದು! ಮನೆಯೆಲ್ಲಾ ಗಬ್ ಅಂತಿದೆ!"

ಅವನು ಟವೆಲ್ ಕಿತ್ತ. "ಗೊತ್ತು ಕಣ್ರೋ, ಆಟ ಆಡಿಸ್ದೆ ನಿಮ್ನ," ಅಂದ. ತಾನೂ ನಕ್ಕ. ಆದರೆ ನಗುತ್ತಲೇ ಲೋಟವನ್ನು ಮತ್ತೆ ಮೂಗಿಗೆ ಒತ್ತಿಕೊಂಡು ಎಳೆದ, ಇನ್ನೊಮ್ಮೆ ಎಳೆದ, ಮೂಗಿನ ಹೊಳ್ಳೆ ಬೆಳ್ಳಗಾಗುವಷ್ಟು. ಉಳಿದಿಬ್ಬರು ಅದನ್ನು ನೋಡಲಿಲ್ಲ. ನಾನು ನೋಡಿದೆ.

ಬಸ್ ಸ್ಟಾಪಿಗೆ ಇಬ್ಬರೇ ನಡೆದು ಹೋಗುವಾಗ ಅವನೇ ಬಾಯಿಬಿಟ್ಟ.

"ಜ್ವರ ಬಂದಿತ್ತಲ್ಲ, ದೀಪಾವಳಿ ಹೊತ್ಗೆ. ಆಮೇಲೆ ಏನೂ ಬರ್ತಿಲ್ಲ ಕಣೋ. ಸೊನ್ನೆ. ಮಗು ಕಕ್ಕ ಮಾಡ್ಕೊಂಡ್ರೂ ಗೊತ್ತಾಗಲ್ಲ."

"ಮತ್ತೆ ಕೆಲ್ಸ? ಹೆಂಗ್ ಮಾಡ್ತಿದೀಯಾ?"

"ಹಿರಿಯವ್ರು ಇದಾರಲ್ಲ, ನಂಜೊತೆ ರುಚಿ ನೋಡೋರು. ಬಟ್ಲು ಕೆಟ್ಟಿದ್ರೆ ಅವರ ಎಡ ಹುಬ್ಬು ಏಳತ್ತೆ. ಅದನ್ನ ನೋಡ್ಕೊಂಡ್ ಹೇಳ್ತೀನಿ. ಯುಗಾದಿ ಕಳೆದ್ಮೇಲೆ ಅವರು ರಿಟೈರು. ಅಷ್ಟರಲ್ಲಿ ವಾಪಸ್ ಬರಬಹುದು ಅಂತಾರೆ ಡಾಕ್ಟ್ರು. ನರ ಅಂತೆ, ನಿಧಾನ ಅಂತೆ. ಅಲ್ಲಿತನಕ ಯಾರಿಗೂ ಹೇಳ್ಬೇಡ ಕಣೋ. ನಂಗೆ ಬೇರೆ ಕೆಲ್ಸ ಬರಲ್ಲ."

"ಛೇ, ನಾನ್ಯಾಕ್ ಹೇಳ್ಲಿ?" ಅಂದೆ. ಆ ಹೊತ್ತಿಗೆ ನಿಜವಾಗಿಯೇ ಅಂದೆ.

ಮಂಗಳವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆಫೀಸಿನ ನಾಲ್ಕೈದು ಜನ ಕೂತಿದ್ದರು. ಮಾತು ಎಲ್ಲೆಲ್ಲೋ ಹೋಗಿ ಕುಡಿತದ ಕಡೆ ಬಂತು. ನನಗೆ ತಡೆಯಲಾಗಲಿಲ್ಲ. ನನ್ನ ಹತ್ತಿರ ಅಂಥ ಒಂದು ಕಥೆ ಇತ್ತು, ಅವರ ಹತ್ತಿರ ಇರಲಿಲ್ಲ. ಮೂಗು ಹೋದ ವಿಷಯ ಹೇಳಲಿಲ್ಲ. ಗೆಳೆಯನ ಗುರುತೂ ಹೇಳಲಿಲ್ಲ, ಯಾರೋ ಒಬ್ಬ ಅಂದೆ. ಆದರೆ ಲೋಟ ಹಿಡಿಯುವುದು, ಸೊರ್ರೆಂದು ಎಳೆಯುವುದು, "ಏನ್ ನುಣುಪಾಗಿದೆ ಗುರು" ಅನ್ನುವುದು, ಎಲ್ಲವನ್ನೂ ಅವನ ಹಾಗೇ ಮಾಡಿ ತೋರಿಸಿದೆ. ದಿನವೂ ಅವನನ್ನು ನೋಡುವವರಿಗೆ ಇನ್ನೇನು ಬೇಕು? ಎಷ್ಟು ನಕ್ಕರು ಅಂದರೆ ಪಕ್ಕದ ಕೋಣೆಯಿಂದ ಮ್ಯಾನೇಜರ್ ಇಣುಕಿದರು. ಅವರಿಗಾಗಿ ಇನ್ನೊಂದು ಸಲ ಹೇಳಿದೆ. ಅವರು ನಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಿರಿಯರನ್ನು ಯಾವುದೋ ನೆಪ ಹೇಳಿ ಹೊರಗೆ ಕಳಿಸಿದರು. ಅವನ ಮುಂದೆ ಆರು ಬಟ್ಟಲು ಇಟ್ಟರು. ಎರಡರಲ್ಲಿ ಮಳೆಯಲ್ಲಿ ನೆನೆದು ಬೂಷ್ಟು ಹಿಡಿದ ಕಾಳು. ಅದರ ನಾತ ಬಾಗಿಲಾಚೆ ಟೈಪ್ ಮಾಡುತ್ತಿದ್ದ ನನಗೇ ಬರುತ್ತಿತ್ತು. ಅವನು ಒಂದೊಂದನ್ನೂ ಎಳೆದು, ಉಗಿದು, ಮ್ಯಾನೇಜರ್ ಮುಖವನ್ನೇ ನೋಡುತ್ತಿದ್ದ. ಅವರು ಮುಖ ಗೋಡೆಯ ಕಡೆ ತಿರುಗಿಸಿಕೊಂಡು ನಿಂತಿದ್ದರು.

"ಎಲ್ಲಾ ಚೆನ್ನಾಗಿದೆ ಸಾರ್," ಅಂದ.

ಮುಂದಿನ ಸೋಮವಾರದಿಂದ ಅವನನ್ನು ಗೋದಾಮಿಗೆ ಹಾಕಿದರು. ಚೀಲದ ಹೊಲಿಗೆ ಸರಿಯಾಗಿದೆಯೋ ಇಲ್ಲವೋ ನೋಡುವ ಕೆಲಸ. ಹಿರಿಯರು ನಿವೃತ್ತರಾದಾಗ ಆ ಜಾಗಕ್ಕೆ ಹೊರಗಿನಿಂದ ಯಾರೋ ಬಂದರು. ಇವನ ಮೂಗು ಯುಗಾದಿಗೂ ವಾಪಸ್ ಬರಲಿಲ್ಲ, ಮುಂದಿನ ಯುಗಾದಿಗೂ ಬರಲಿಲ್ಲ.

ಗೋದಾಮಿನ ಮೊದಲ ವಾರ ಅವನು ನನ್ನನ್ನು ಹುಡುಕಿಕೊಂಡು ಬಂದ. ಮೈಮೇಲೆಲ್ಲ ಗೋಣಿಯ ನಾರು. ಬೈಯಲು ಬಂದ ಅಂದುಕೊಂಡೆ. ಒಂದು ರೀತಿಯಲ್ಲಿ ಬೈದರೆ ಸಾಕು ಅನ್ನಿಸಿತ್ತು.

"ಆ ಬ್ಯಾಂಕಿನ ನನ್ಮಗನೇ ಅಲ್ವಾ ಊದಿದ್ದು?" ಅಂದ. "ಅವನ ಬ್ಯಾಂಕಲ್ಲೇ ನಮ್ಮ ಮ್ಯಾನೇಜರ್‌ದು ಖಾತೆ ಇರೋದು. ನಿಂಗೇನಾದ್ರೂ ಗೊತ್ತಾ?"

ನಾನು ಟೈಪ್‌ರೈಟರಿಗೆ ಹಾಳೆ ಸೇರಿಸುತ್ತಿದ್ದೆ. ಸೇರಿಸುತ್ತಲೇ "ಇರಬಹುದು" ಅಂದೆ.

ಅಷ್ಟೇ. ಅವನು ಬ್ಯಾಂಕಿನವನ ಮನೆ ಮುಂದೆ ನಿಂತು, ಅವನ ಅಪ್ಪ ಅಮ್ಮನ ಎದುರಿಗೇ ಬಾಯಿಗೆ ಬಂದಂತೆ ಬೈದು ಬಂದನಂತೆ. ಬ್ಯಾಂಕಿನವನು ಆಣೆ ಮಾಡಿದನಂತೆ. ಯಾರು ನಂಬುತ್ತಾರೆ, ಜೀವಮಾನವೆಲ್ಲ ಕೀಟಲೆ ಮಾಡಿದವನ ಆಣೆಯನ್ನು? ನಾಲ್ವರು ಮತ್ತೆ ಒಟ್ಟಿಗೆ ಕೂರಲಿಲ್ಲ.

ನಾನು ಬೇರೆ ಕೆಲಸ ಸಿಕ್ಕಿ ಹೋಗುವವರೆಗೆ, ಎರಡು ವರ್ಷ, ಅವನು ಮಧ್ಯಾಹ್ನ ಗೋದಾಮಿನಿಂದ ಬಂದು ನನ್ನ ಪಕ್ಕದಲ್ಲೇ ಊಟಕ್ಕೆ ಕೂರುತ್ತಿದ್ದ. ಬೇರೆ ಯಾರ ಜೊತೆಯೂ ಕೂರುತ್ತಿರಲಿಲ್ಲ. ಬೇಸಿಗೆಯಲ್ಲಿ ಕ್ಯಾರಿಯರ್ ಬಿಚ್ಚಿದವನೇ ಮೊದಲು ನನ್ನ ಕಡೆ ಚಾಚುತ್ತಿದ್ದ.

"ನೋಡೋ, ಹಳಸಿದ್ಯಾ?"

ನಾನು ಬಗ್ಗಿ ಮೂಸಿ, "ಇಲ್ಲ, ಚೆನ್ನಾಗಿದೆ, ತಿನ್ನು" ಅನ್ನುತ್ತಿದ್ದೆ. ಅವನು ಕಲಸಿಕೊಂಡು ತಿನ್ನುತ್ತಿದ್ದ.