ಬಾರ್ಬಡೋಸಿನ ತಾಲೂಕು

ಟ್ರಂಕಿನಲ್ಲಿ ಇವತ್ತು ಹಳೆಯ ರೇಡಿಯೊದ ಚರ್ಮದ ಕವರ್ ಸಿಕ್ಕಿತು. ನನ್ನಾಕೆ ಇದ್ದಷ್ಟು ದಿನ ಅದನ್ನು ಎಸೆಯಲು ಬಿಡಲಿಲ್ಲ, ಅದು ಬೇರೆ ಮಾತು. ಮೂಸಿದೊಡನೆ ಅಡರಕಟ್ಟಿಯ ನಮ್ಮ ಪಡಸಾಲೆಗೆ ಹೋಗಿಬಿಟ್ಟೆ.

ಕಾಕಾ ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದರು. ಪಕ್ಕದಲ್ಲಿ ಅಜ್ಜಿ, ನಾವು ಆಯಿ ಎನ್ನುತ್ತಿದ್ದೆವು, ಶೇಂಗಾ ಸುಲಿಯುತ್ತಿದ್ದಳು. ಬಾರ್ಬಡೋಸಿನ ಆಟಗಾರನೊಬ್ಬ ತಲೆಗೆ ಚೆಂಡು ಬಡಿದು ಬಿದ್ದನೆಂದು ರೇಡಿಯೊ ಹೇಳಿತು. ಆಯಿಯ ಕೈ ನಿಂತಿತು.

“ಅವರವ್ವಗ ಖಬರ ಮುಟ್ಟಿಸಿದ್ರೇನು?”

“ಬಾರ್ಬಡೋಸ್ ಭಾಳ ದೂರ ಐತಿ ಬೇ,” ಎಂದರು ಕಾಕಾ.

“ಇರವಲ್ದ್ಯಾಕ. ತಾಲೂಕ ಯಾವುದು?”

“ನಡುಗಡ್ಡಿಗೆ ಎಲ್ಲೀ ತಾಲೂಕ ಬೇ, ಸುಮ್ನ ಕುಂಡ್ರು!”

“ತಾಲೂಕ ಇಲ್ಲದ ಊರು ಎಲ್ಲೈತಿಲೇ? ಖಬರ ಒಯ್ಯಾಂವ ಬಸ್ ಎಲ್ಲಿ ಇಳೀಬೇಕು?”

ಮನೆಗೆ ಯಾರೇ ಬಂದರೂ ನೀರು ಕೊಟ್ಟು ಆಯಿ ಮೊದಲು ಕೇಳುತ್ತಿದ್ದುದು ತಾಲೂಕನ್ನೇ. ಆಟಗಾರ ಎದ್ದು ಕುಳಿತನೆಂದು ತಿಳಿದ ಮೇಲೂ ಅವಳಿಗೆ ಸಮಾಧಾನವಿಲ್ಲ. “ಎದ್ದದ್ದೂ ಅವರವ್ವಗ ಗೊತ್ತಾಗಬೇಕಲ್ಲ!”

ಇವತ್ತು ಮೊಮ್ಮಗಳ ಫೋನಿನಲ್ಲಿ ಹುಡುಕಿಸಿದೆ. ಬಾರ್ಬಡೋಸಿನಲ್ಲಿ ಆಡಳಿತಕ್ಕೆಂದು ಹನ್ನೊಂದು ಪ್ಯಾರಿಶ್‌ಗಳಿವೆಯಂತೆ. ಪ್ಯಾರಿಶ್ ಅಂದರೆ ಒಂದು ಚರ್ಚಿಗೆ ಸೇರಿದ ಊರುಗಳು ಎಂದು ಕಾಲೇಜಿನ ಇಂಗ್ಲಿಷ್ ಪಾಠದಲ್ಲಿ ಕೇಳಿದ ನೆನಪು, ಪೂರ್ತಿ ಖಾತ್ರಿಯಿಲ್ಲ. ಉತ್ತರದ ತುದಿಯದು ಸೇಂಟ್ ಲೂಸಿ. ಅಂತೂ ಆಯಿ ಹೇಳಿದ್ದು ಖರೆ, ಅಲ್ಲೂ ತಾಲೂಕುಗಳಿದ್ದವು. ಇತ್ತ ನಮ್ಮ ಅಡರಕಟ್ಟಿಯೇ ಶಿರಹಟ್ಟಿ ತಾಲೂಕು ಬಿಟ್ಟು ಲಕ್ಷ್ಮೇಶ್ವರಕ್ಕೆ ಸೇರಿದೆ.

ಆದರೆ ಆ ಆಟಗಾರನ ಅವ್ವ ಹನ್ನೊಂದರಲ್ಲಿ ಯಾವುದರಲ್ಲಿ ಇದ್ದಳು? ಫೋನ್ ಕೆಳಗಿಡುತ್ತಿದ್ದ ಮೊಮ್ಮಗಳನ್ನು ತಡೆದೆ.

“ಇನ್ನೊಂದೀಟು ಹುಡುಕವ್ವಾ.”