ಕೊನೆಯ ಪುಟಕ್ಕೆ ಇಳಿಸಿದ ಗಂಡಸು

ಮೊಮ್ಮಗಳು ತನ್ನ ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ತಂದು ನನ್ನ ಕೈಗಿಟ್ಟಳು. ನಾನು ಮೊದಲು ಓದಲಿಲ್ಲ, ಬಿಚ್ಚಿ ಮೂಗಿಗೆ ಹಿಡಿದೆ. ಹೊಸ ಮಸಿಯ ವಾಸನೆ. ನಡುವೆ ಅವಳು ಬರೆದ ಕಥೆ, ಅದರ ಮೇಲೆ ಅವಳ ಹೆಸರು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟ ನನ್ನಂಥವನ ಮನೆಯಲ್ಲಿ ಒಂದು ಹೆಸರು ಅಚ್ಚಾಯಿತು ಎಂದರೆ ಸಣ್ಣ ಮಾತೇ! ಓಣಿಗೆಲ್ಲ ಕುಂದಾ ಹಂಚಿದೆ. ಹಾಲಿನವನನ್ನು ನಿಲ್ಲಿಸಿ ತೋರಿಸಿದೆ. ನೆಹರು ನಗರದ ಆಸ್ಪತ್ರೆಗೆ ಹೋದಾಗಲೂ ಚೀಲದಲ್ಲಿ ಅದೇ. ಡಾಕ್ಟರಬಾಯಿ ನಕ್ಕು, "ಅಜ್ಜಾರ, ನಿಮ್ಮ ಸಕ್ರಿ ಯಾಕ ಏರೇತಿ ಅಂತ ಈಗ ಗೊತ್ತಾತು ನೋಡ್ರಿ" ಎಂದರು.

ಆದರೆ ಕಥೆ ಓದಲು ಕುಳಿತಾಗ ಮೊದಲ ಸಾಲಿಗೇ ಬೆರಳು ನಿಂತಿತು. ಯಾವುದೋ ನಕ್ಷತ್ರದ ಮಗ್ಗುಲಿಗೆ ಒಂದು ಲೋಕ. ಅಲ್ಲಿ ಇರುವವರೆಲ್ಲ ಹೆಂಗಸರೇ... ಇಂಥ ಲೋಕವನ್ನು ನಾನು ಹಿಂದೊಮ್ಮೆ ಕಂಡಿದ್ದೆ. ಒಂದೊಂದೇ ಸೀಸದ ಅಚ್ಚುಮೊಳೆ ಆರಿಸಿ ಈ ಕೈಯಿಂದಲೇ ಜೋಡಿಸಿದ್ದೆ. ಕೆಡಿಸಿದ್ದೂ ಈ ಕೈಯೇ.

ಆಗ ನಾನು ಬೆಳಗಾವಿಯ ಒಂದು ಸಣ್ಣ ಛಾಪಖಾನೆಯಲ್ಲಿ ಅಕ್ಷರ ಜೋಡಿಸುವವನು. ಮಾಲಕರು ಬಸ್‌ಸ್ಟ್ಯಾಂಡಿನ ಅಂಗಡಿಗಳಿಗೆ ಸಣ್ಣ ಕಥೆಪುಸ್ತಕ ಮಾಡಿ ಹಾಕುತ್ತಿದ್ದರು. ಖಾನಾಪುರದ ಸಾಲೆಯಲ್ಲಿ ಕಲಿಸುವ ಅಕ್ಕೋರು ಒಂದು ಶನಿವಾರ ಮುಂಜಾನೆಯ ಸಾಲೆ ಮುಗಿಸಿ, ಬಸ್ಸು ಹಿಡಿದು ತಮ್ಮ ಕಥೆ ತಂದರು. ನಲವತ್ತು ದಾಟಿದ್ದರು, ಮದುವೆಯಾಗಿರಲಿಲ್ಲ. ಮುದಿ ತಾಯಿಯೊಡನೆ ಇಬ್ಬರೇ ಇದ್ದರು. ಆಮೇಲೆ ಪ್ರತಿ ಶನಿವಾರವೂ ಬಂದು, ಒದ್ದೆ ಛತ್ರಿಯನ್ನು ಬಾಗಿಲಿಗೆ ಆನಿಸಿ, ನನ್ನ ಬಾಜೂ ಸ್ಟೂಲಿನ ಮೇಲೆ ಕುಳಿತು ತಪ್ಪು ತಿದ್ದುತ್ತಿದ್ದರು. ನನಗೆ ತಮ್ಮಾ ಎನ್ನುತ್ತಿದ್ದರು.

ಅವರ ಲೋಕದಲ್ಲಿ ಗಂಡಸು ಎಂಬ ಜೀವವೇ ಹುಟ್ಟಿರಲಿಲ್ಲ. ಕೂಸು ಬೇಕು ಅನಿಸಿದವಳ ಪಕ್ಕೆಯಲ್ಲಿ, ಬಾಳೆಯ ಬುಡಕ್ಕೆ ಮರಿ ಒಡೆದಂತೆ, ಒಂದು ಕೂಸು ಚಿಗುರುತ್ತಿತ್ತು. ಸಾಲೆಯ ಹಾಜರಿ ಪುಸ್ತಕದಲ್ಲಿ ತಂದೆಯ ಹೆಸರಿಗೆ ಜಾಗವಿರಲಿಲ್ಲ. ಹಾಗಂತ ಎಲ್ಲರೂ ದೇವತೆಗಳೇನಲ್ಲ, ನೀರಿನ ಸರದಿಗೆ ಕೂದಲು ಹಿಡಿದು ಜಗಳಾಡುತ್ತಿದ್ದರು. ನಮಗೆ ಇದೆಲ್ಲ ದೊಡ್ಡ ಗಮ್ಮತ್ತು. ಮಷೀನು ಹೊಡೆಯುವವನು ಒಮ್ಮೆ ಕೆಣಕಿದ.

"ಅಕ್ಕೋರ, ಆ ಊರಾಗ ಮಳಿಗಾಲಕ್ಕ ಹೆಂಚ ಯಾರ ಕೈಯಾಡಸ್ತಾರ್ರೀ?"

"ಈಗ ನಮ್ಮನಿ ಮ್ಯಾಲ ಯಾರ ಹತ್ತತಾರಪಾ? ನಾನಽ ಹತ್ತತೀನಿ," ಎಂದರು ಅಕ್ಕೋರು, ತಲೆ ಎತ್ತದೆ.

ಅಕ್ಕೋರು ಇನ್ನೂ ತಿದ್ದದ ಕೊನೆಯ ಪುಟವನ್ನೂ ಜೋಡಿಸಿಟ್ಟಿದ್ದೆ. ಮಾಲಕರು ನೋಡಿ ಹಣೆ ಗಂಟು ಹಾಕಿದರು. "ಮುಗೀತೇನ? ಒಬ್ಬ ಗಂಡಸಾದ್ರೂ ಬರಬೇಕೋ ಬ್ಯಾಡೋ! ಇದನ್ನ ಯಾಂವ ಓದ್ತಾನ? ಈ ಪುಟಾ ತಗಿ. ನೀ ಊಟಕ್ಕ ಕುಂತಾಗ ಎಲ್ಲಾರಿಗೂ ಕತಿ ಹೇಳಾಂವಲ್ಲ, ನೀನಽ ಒಬ್ಬನ್ನ ಇಳಸು."

ನೀನಽ ಅಂದರು ನೋಡಿ... ಅದರಲ್ಲೇ ನಾನು ಬಿದ್ದೆ. ವರ್ಷಗಟ್ಟಲೆ ಮಂದಿಯ ಮಾತು ಜೋಡಿಸಿದ್ದೆ, ನನ್ನದೊಂದು ಮಾತೂ ಅಚ್ಚಾಗಿರಲಿಲ್ಲ. ಅಕ್ಕೋರಿಗೆ ಒಂದು ಕಾರ್ಡು ಬರೆದು ಕೇಳಬೇಕು ಎಂದು ಹೊಳೆಯಿತು, ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೇಳಿದರೆ ಬೇಡ ಅನ್ನುತ್ತಾರೆ ಎಂದೂ ಗೊತ್ತಿತ್ತು. ಅವರ ಪುಟದ ಮೊಳೆಗಳನ್ನು ಬಿಚ್ಚಿ ಖಾನೆಗಳಿಗೆ ಹಾಕಿದೆ. ನನ್ನ ಎಂಟು ಸಾಲು ಕಟ್ಟಿದೆ. ಆಕಾಶದಿಂದ ಒಂದು ವಿಮಾನ ಇಳಿಯಿತು, ಅದರೊಳಗಿಂದ ಮೀಸೆಯ ತರುಣನೊಬ್ಬ ಹೊರಬಂದ, ರಾಣಿ ನಾಚಿ ತಲೆ ತಗ್ಗಿಸಿದಳು, ಅಂದಿನಿಂದ ಆ ಲೋಕಕ್ಕೆ ಬೆಳಕಾಯಿತು... ಅಕ್ಕೋರು ಬರೆದ ಹಾಳೆಯಿಂದ ಕೈಯ ಮಸಿ ಒರೆಸಿ ಬುಟ್ಟಿಗೆ ಒಗೆದೆ. ಅಂದು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನಗುತ್ತಿದ್ದೆ.

ಮುಂದಿನ ಶನಿವಾರಕ್ಕೆ ಮೊದಲೇ ಪುಸ್ತಕ ಅಚ್ಚಾಗಿತ್ತು. ಅಕ್ಕೋರು ಬಂದು ಅದೇ ಸ್ಟೂಲಿನ ಮೇಲೆ ಕುಳಿತು ಕೊನೆಯ ಪುಟ ಓದಿದರು. ಮತ್ತೊಮ್ಮೆ ಓದಿದರು.

"ಈ ಕತ್ಯಾಗ ರಾಣೀನಽ ಇದ್ದಿಲ್ಲಲ್ಲೋ ತಮ್ಮಾ. ಯಾರ ಬರದಾರ ಇದನ್ನ?"

ನಾನು ಮಾಲಕರ ಕೋಣೆಯ ಕಡೆ ನೋಡಿದೆ. "ಅವರು ಹೇಳಿದ್ರೀ," ಎಂದೆ. ಹೇಳಿದವರು ಅವರೇ, ಖರೇ. ಬರೆದವನು ನಾನು ಎಂದು ನಾಲಿಗೆ ಹೊರಳಲಿಲ್ಲ.

"ಹೋಗ್ಲಿ, ನನ್ನ ಹಾಳಿ ಕೊಡು. ಅದರ ಇನ್ನೊಂದ ಪ್ರತಿ ನನ್ನ ಕಡೆ ಇಲ್ಲ."

ಬುಟ್ಟಿಯನ್ನು ಎಂದೋ ಖಾಲಿ ಮಾಡಿದ್ದರು. ಸಿಗಲಿಲ್ಲ ಎಂದೆ. ಅಕ್ಕೋರು ಛತ್ರಿ ತೆಗೆದುಕೊಂಡು ಎದ್ದರು. ಮತ್ತೆ ಆ ಬಾಗಿಲಿಗೆ ಬರಲಿಲ್ಲ.

ನನ್ನ ತಂಗಿಯನ್ನು ಖಾನಾಪುರಕ್ಕೆ ಕೊಟ್ಟಿತ್ತು. ಉಳಿದದ್ದು ಅವಳಿಂದ ತಿಳಿಯಿತು. ಪುಸ್ತಕದ ಮೇಲೆ ಅಕ್ಕೋರ ಹೆಸರಿತ್ತಲ್ಲ, ನಾಚಿದ ರಾಣಿ ಅವರೇ ಎಂದು ಊರು ತೀರ್ಮಾನ ಮಾಡಿತ್ತಂತೆ. ಪೇಟೆಯಲ್ಲಿ ಕಾಯಿಪಲ್ಲೆ ಆರಿಸುತ್ತಿದ್ದರೆ ಹಿಂದಿನಿಂದ, "ವಿಮಾನ ಎಷ್ಟಕ್ಕ ಬರ್ತೈತ್ರೀ ಅಕ್ಕೋರ?" ಎಂದು ಒಬ್ಬ, "ಮೀಶೀ ಇದ್ದಾಂವಽ ಬೇಕಂತೋ" ಎಂದು ಇನ್ನೊಬ್ಬ. ಗಂಡಸಿಲ್ಲದ ಲೋಕ ಕಟ್ಟಿದವರನ್ನು ಗಂಡಸಿಗಾಗಿ ಬಾಯಿ ಬಿಡುವವರನ್ನಾಗಿ ಮಾಡಿದ್ದೆ ನಾನು. ಅಕ್ಕೋರು ವರ್ಗ ಕೇಳಿಕೊಂಡು ತಾಯಿಯೊಡನೆ ದೂರದ ಊರಿಗೆ ಹೋದರು. ಕೆಲವು ವರ್ಷಗಳ ನಂತರ ಅಲ್ಲೇ ತೀರಿಕೊಂಡರಂತೆ. ಹೋಗಿ ಒಪ್ಪಿಕೊಳ್ಳಬೇಕು, ಮುಂದಿನ ವಾರ, ಹಬ್ಬ ಮುಗಿದ ಮೇಲೆ ಎನ್ನುತ್ತಲೇ ಇದ್ದವನಿಗೆ ಈ ಸುದ್ದಿ ಬಂತು. ಅವರು ಮತ್ತೇನಾದರೂ ಬರೆದರೋ ಇಲ್ಲವೋ, ಯಾರನ್ನು ಕೇಳಲಿ...

ಮೊನ್ನೆ ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ. ಬರೆಯುವ ವಹಿ ತೆಗೆದು ಪೆನ್ನು ಹಿಡಿದಳು.

"ಅವ್ರ ಕತಿ ಖರೇ ಹೆಂಗ ಮುಗದಿತ್ತಜ್ಜಾ? ಜೋಡಿಸಿದಾಂವ ನೀನಽ ಅಲ್ಲ? ಹೇಳು, ಬರ್ಕೋತೀನಿ."

ಕಣ್ಣು ಮುಚ್ಚಿ ಕುಳಿತೆ. ಒಬ್ಬ ಮುದುಕಿ ಇದ್ದಳೇನೋ... ಹೊಳೆಯ ದಂಡೆಯೇನೋ... ಉಳಿದ ಪುಟಗಳನ್ನು ಅಕ್ಕೋರು ತಿದ್ದುತ್ತ ಓದಿದ್ದು ಕೇಳಿ ಗೊತ್ತಿತ್ತು, ಇದನ್ನು ಅವರು ಬರುವ ಮೊದಲೇ ಬಿಚ್ಚಿದ್ದೆ. ಜೋಡಿಸುವಾಗ ನಾವು ಅಕ್ಷರ ನೋಡುತ್ತಿದ್ದೆವು, ಅರ್ಥ ನೋಡುವಷ್ಟು ಪುರುಸೊತ್ತು ಯಾರಿಗಿತ್ತು. ಆ ಪುಟ ನನ್ನ ಬೆರಳುಗಳ ಸಂದಿಯಿಂದ ಹಾದುಹೋಗಿತ್ತು, ತಲೆಯೊಳಗೆ ಇಳಿದಿರಲಿಲ್ಲ. ನನ್ನ ಎಂಟು ಸಾಲು ಮಾತ್ರ ಒಂದು ಅಕ್ಷರವೂ ತಪ್ಪದೆ ಇವತ್ತಿಗೂ ಬಾಯಿಪಾಠ.

ಅವಳು ಕಾಯುತ್ತಿದ್ದಳು. ನನ್ನ ನಾಲಿಗೆಯ ಮೇಲೆ ಬಂದು ನಿಂತವನು ಆ ಮೀಸೆಯವನೇ.