ಈರಮ್ಮನ ತಾಯಿಯನ್ನು ಮಲಗಿಸಿದವಳು

ಈರಮ್ಮ, ನಿನ್ನ ತಾಯಿ ತಾನಾಗಿ ಮಲಗಲಿಲ್ಲ. ಮಲಗಿಸಿದವಳು ನಾನು. ಇಷ್ಟು ಹೇಳುವುದಕ್ಕೆ ನನಗೆ ಹದಿನೆಂಟು ವರ್ಷ ಬೇಕಾಯಿತು.

ನೆನಪಿದೆಯಲ್ಲ — ಯಲ್ಲದಕೆರೆಯಿಂದ ಗಾಡಿ ಕಟ್ಟಿಸಿಕೊಂಡು ನೀನು ಅವರನ್ನು ನಮ್ಮ ಆಸ್ಪತ್ರೆಗೆ ಕರೆತಂದೆ. ಎದೆಯಲ್ಲಿ ಕಫ ಕಟ್ಟಿ ಉಬ್ಬಸ ಏರಿತ್ತು. ನೀನು ಕಂಬಳಿಯನ್ನು ಸುರುಳಿ ಸುತ್ತಿ ಅವರ ಮಡಿಲಲ್ಲಿಟ್ಟಿದ್ದೆ. ಅದಕ್ಕೆ ಮೊಣಕೈಯೂರಿ, ಮುಂದಕ್ಕೆ ಬಾಗಿ, ಮೂರು ದಿನ ಕೂತೇ ಉಸಿರಾಡಿದರು. ನರ್ಸ್ ಕೆಲಸ ಕಲಿತು ಬಂದ ನಾನು ಮಾಡಬೇಕಾಗಿದ್ದೂ ಅದನ್ನೇ.

ನಾಲ್ಕನೆಯ ದಿನ ದುರ್ಗದ ದೊಡ್ಡಾಸ್ಪತ್ರೆಯಿಂದ ದೊಡ್ಡ ಡಾಕ್ಟರು ತಪಾಸಣೆಗೆ ಬರುವವರಿದ್ದರು. ರೋಗಿಗಳೆಲ್ಲ ಬಿಳಿ ಹೊದಿಕೆಯ ಕೆಳಗೆ ಸಾಲಾಗಿ, ನೆಟ್ಟಗೆ ಮಲಗಿರಬೇಕು — ಹಾಗೆಂದು ಯಾರೂ ಹೇಳಿರಲಿಲ್ಲ, ನನ್ನದೇ ಹುಚ್ಚು. ಸೀರೆ ಒಗೆದುಕೊಂಡು ಬಾ ಎಂದು ನಿನ್ನನ್ನು ಹೊಳೆಗೆ ಅಟ್ಟಿದೆ. ಕಂಬಳಿ ಕಿತ್ತುಕೊಂಡೆ. ಕುರಿ ವಾಸನೆ ಬೇರೆ ನನಗಾಗದು!

"ಮಲಕ್ಕಂಡ್ರೆ... ಉಸ್ರು ಸಿಗಲ್ಲ ಕಣ್ರವ್ವ."

"ಒಂದ್ ಗಳಿಗೆ ಮಲಕ್ಕಳ್ರಿ, ಸತ್ತೇನೂ ಹೋಗಲ್ಲ" ಅಂದೆ. ಅಯ್ಯೋ, ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಮೂಗಿನ ಹೊಳ್ಳೆ ಅರಳುತ್ತಿತ್ತು, ಕತ್ತಿನ ಕುಳಿ ಒಳಕ್ಕೆ ಸೆಳೆಯುತ್ತಿತ್ತು, ಉಗುರು ನೀಲಿಗಟ್ಟಿತ್ತು. ಅದೆಲ್ಲ ಏನೆಂದು ನನಗೆ ಬಾಯಿಪಾಠವಿತ್ತು. ನೋಡಿದೆ — ನೋಡಿಯೂ ಹೊದಿಕೆಯನ್ನು ಗಲ್ಲದವರೆಗೆ ಎಳೆದೆ. ಸ್ವಲ್ಪ ಹೊತ್ತಿಗೆ ಎದೆಯ ಸುಯ್ ಸುಯ್ ಸದ್ದು ನಿಂತಿತು. ಸದ್ಯ, ಆರಾಮಾಯಿತು ಎಂದುಕೊಂಡು ಪಕ್ಕದ ಹಾಸಿಗೆ ಸರಿಮಾಡಲು ಹೋದೆ. ಒಳಗೆ ಗಾಳಿಯೇ ಆಡದಿದ್ದಾಗ ಸದ್ದು ಎಲ್ಲಿಂದ ಬರಬೇಕು? ತಿರುಗಿ ಬರುವಷ್ಟರಲ್ಲಿ ಮುಗಿದಿತ್ತು. ದೊಡ್ಡ ಡಾಕ್ಟರು ಆ ದಿನ ಬರಲೂ ಇಲ್ಲ.

ಒದ್ದೆ ಸೀರೆ ಹೆಗಲಿಗೆ ಹಾಕಿಕೊಂಡು ನೀನು ಬಂದೆ. "ನೀನು ಅತ್ತ ಹೋದೆ, ಇತ್ತ ಅವರೇ ಕಂಬಳಿ ತಳ್ಳಿ ಮಲಗಿಬಿಟ್ಟರು" ಅಂದೆ ನಾನು. ನೀನು ಗೋಡೆಗೆ ತಲೆ ಚಚ್ಚಿಕೊಂಡೆ — "ನಾ ಹೋಗಬಾರ್ದಿತ್ತು, ನಾ ಹೋಗಬಾರ್ದಿತ್ತು." ಕಳಿಸಿದವಳು ನಾನು ಅಂತಾದರೂ ಅನ್ನಬಹುದಿತ್ತು... ಕೆಲಸ ಹೋಗುತ್ತದೆಂಬ ಭಯ.

ಆಮೇಲೆ ವರ್ಷವರ್ಷವೂ ನೀನು ನನಗೆ ಬೆಣ್ಣೆ ತಂದುಕೊಟ್ಟೆ. "ಅವ್ವನ್ನ ಕೊನೀಗೆ ನೋಡ್ಕಂಡೋರು ನೀವು" ಅನ್ನುತ್ತಿದ್ದೆ. ನಾನು ಆ ಬೆಣ್ಣೆ ತಿಂದೆ, ಈರಮ್ಮ.

ಮೊನ್ನೆ ನಿಮ್ಮೂರಿನವರೊಬ್ಬರು ಹೇಳಿದರು. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ನೀನು ಪಕ್ಕ ಬಿಟ್ಟು ಏಳುವುದಿಲ್ಲವಂತೆ, ಊಟಕ್ಕೂ ಏಳುವುದಿಲ್ಲವಂತೆ. "ನಾನೆದ್ದು ಹೋದ್ರೆ ಜೀವ ಹೋಗ್ತೈತೆ" ಅನ್ನುತ್ತೀಯಂತೆ. ಅದನ್ನು ಕೇಳಿದ ಮೇಲೆ ಈ ಕಾಗದ ಬರೆಯಲು ಕೂತೆ. ನನ್ನ ಸುಳ್ಳು ಅಂದಿಗೆ ಮುಗಿಯಿತೆಂದುಕೊಂಡಿದ್ದೆ — ನಿನ್ನ ಮನೆಯಲ್ಲಿ ಅದು ದಿನವೂ ನಡೆಯುತ್ತಿತ್ತು.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಿನಗೆ ಓದು ಬಾರದು. ಈ ಕಾಗದವನ್ನು ನಿಮ್ಮೂರ ಮೇಷ್ಟ್ರು ಓದಬೇಕು, ಜಗಲಿಯಲ್ಲಿ ಕೂತವರೆಲ್ಲ ಕೇಳುತ್ತಾರೆ. ಕೇಳಲಿ. ಮೇಷ್ಟ್ರೇ, ನನ್ನ ಮಾನ ಉಳಿಸಲೆಂದು ಯಾವ ಮಾತನ್ನೂ ನುಂಗಬೇಡಿ. ಈರಮ್ಮನದು ಏನೂ ತಪ್ಪಿಲ್ಲ — ಇದೊಂದು ಸಾಲನ್ನು ದಯವಿಟ್ಟು ಎರಡು ಸಲ ಓದಿ.